ಬೋಣಿಗೆ ಮನ್ಯಾಗಿಂದ ಕೊಟ್ಟಿದ್ದು

ಮಹಾರಾಷ್ಟ್ರದ ಗಡ್ಯಾಗಿನ ಡಫಳಾಪುರದಾಗ ನಮ್ಮಪ್ಪಂದು ಕಿರಾಣಿ ಅಂಗಡಿ. ಮುಂಜಾನೆ ಕದಾ ತಗದು, ಕಸಾ ಹೊಡದು, ದೇವರ ಫೋಟೋಕ್ಕ ಊದಿನಕಡ್ಡಿ ಹಚ್ಚಿದ ಮ್ಯಾಲ ಮೊದಲ ಯಾರು ಬಂದು ನಿಲ್ತಾರ, ಅವರದು ಬೋಣಿ. ಬೋಣಿ ಗಿರಾಕಿನ್ನ ಬರಿಗೈಲೆ ಕಳಸಬಾರದು ಅನ್ನೂದು ಅಪ್ಪನ ನೇಮ. ನಮ್ಮ ಮುತ್ಯಾನ ನೇಮಾನೂ ಅದ ಆಗಿತ್ತಂತ. ಲುಕ್ಸಾನ ಆದ್ರೂ ನಡೀತೈತಿ, ‘ಇಲ್ಲ’ ಅನ್ನೂ ಮಾತು ಮಾತ್ರ ಬಾಯಿಂದ ಬರಬಾರದು, ಬಂದ್ರ ದಿನಾ ಪೂರ್ತಿ ನೊಣಾ ಹೊಡಕೋತ ಕುಂದ್ರಬೇಕಾಗತೈತಿ ಅಂತ ಅಂವನ ನಂಬಿಕಿ.

ಒಂದಿನ ಮುಂಜಾನೆದ್ದು ಒಬ್ಬ ಹೆಣ್ಮಗಳು ಬಂದು ಹಸಿಶುಂಠಿ ಕೇಳಿದ್ಲು. ಅಂಗಡ್ಯಾಗ ಇದ್ದಿಲ್ಲ. ‘ಕುಂದ್ರಿ ತಂಗಿ, ಬಂದೆ’ ಅಂದು ಅಪ್ಪ ಹಿಂದಿನ ಬಾಗಿಲಲೆ ಮನಿಗಿ ಬಂದ, ಅವ್ವ ಚಹಾಕ್ಕ ಜಜ್ಜಾಕ ಇಟ್ಟಿದ್ದ ಶುಂಠಿ ಎತ್ತಿಕೊಂಡು ಹೋಗಿ ತಕ್ಕಡ್ಯಾಗ ಹಾಕಿ ತೂಗಿ ಕೊಟ್ಟ. ಅವ್ವಗ ಸಿಟ್ಟು ಬಂತು. ‘ಮನ್ಯಾಗಿಂದೂ ಮಾರೂದೇನ್ರಿ? ನಾಳೆ ಬೋಣಿಗೆ ಯಾರರೆ ನನ್ನ ಕೇಳಿದ್ರ ನನ್ನೂ ತೂಗಿ ಕೊಡ್ತೀರಿ ನೀವು’ ಅಂದ್ಲು. ಅಪ್ಪ ನಕ್ಕ. ನಾನೂ ನಕ್ಕೆ. ಶುಂಠಿ ಇಲ್ಲದ ಚಹಾ ಕುಡಿದು ಮೂರೂ ಮಂದಿ ನಮ್ಮ ನಮ್ಮ ಕೆಲಸಕ್ಕ ಹತ್ತಿದಿವಿ.

ಆ ಮಾತು ಈಗ ನೆನಪಾದ್ರ ನಗು ಬರೂದಿಲ್ಲ ನನಗ.

ಮಧ್ಯಾಹ್ನ ಅಪ್ಪ ಉಂಡು ಅಡ್ಡಾಗೂ ಹೊತ್ತಿಗಿ ಅಂಗಡ್ಯಾಗ ಅವ್ವ ಕುಂದರತಾಳ. ಖಾರಪುಡಿ, ಜೀರಿಗಿ, ಚಹಾಪುಡಿ ಕಟ್ಟಾಕ ರದ್ದಿ ಪೇಪರ ಹರದು ಇಡೂದು ಆಕಿ ಕೆಲಸ. ಆ ರದ್ದ್ಯಾಗ ಸಾಂಗ್ಲಿ ಕಡಿ ಮರಾಠಿ ಪೇಪರೂ ಇರತಾವ, ವಿಜಯಪುರದ ಕಡಿ ಕನ್ನಡ ಪೇಪರೂ ಇರತಾವ. ಹರಿಯೂಕಿಂತ ಮೊದಲ ಅವ್ವ ಒಂದೊಂದು ಹಾಳಿ ತಿರುವಿ ನೋಡ್ತಾಳ. ಸತ್ತವರ ಫೋಟೋ ಇದ್ರ ಆ ತುಂಡು ಕತ್ತರಿಲೆ ಕತ್ತರಿಸಿ ತಗೀತಾಳ. ಕನ್ನಡದಾಗ ‘ಪುಣ್ಯಸ್ಮರಣೆ’ ಅಂತಿರತೈತಿ, ಮರಾಠ್ಯಾಗ ‘ಭಾವಪೂರ್ಣ ಶ್ರದ್ಧಾಂಜಲಿ’. ಯಾವುದರೆ ಇರ್ಲಿ, ಹೆಸರು ಒಮ್ಮೆ ಬಾಯಿಬಿಟ್ಟು ಓದತಾಳ, ‘ಹೋಗಿ ಬರ್ರಿ’ ಅಂತಾಳ, ಒಂದು ಬಿಸ್ಕೀಟಿನ ಡಬ್ಬ್ಯಾಗ ಹಾಕತಾಳ. ಹಳ್ಳಕ್ಕ ನೀರು ಬಂದಾಗ ಆ ಡಬ್ಬಿ ಒಯ್ದು ನೀರಿಗಿ ಬಿಟ್ಟು ಬರತಾಳ. ನಮ್ಮ ಹಳ್ಳಕ್ಕ ನೀರು ಬರೂದು ಅಪರೂಪ. ಒಂದೊಂದು ವರ್ಷ ಎರಡೆರಡು ಡಬ್ಬಿ ತುಂಬಿ ಕುಂತಿರತಿದ್ದುವು.

ಅಪ್ಪ ಅದಕ್ಕ ‘ಹುಚ್ಚಿ ರದ್ದಿ’ ಅಂತ ಹೆಸರಿಟ್ಟಿದ್ದ. ಗಿರಾಕಿಗೋಳೂ ಸುಮ್ಮನಿರತಿದ್ದಿಲ್ಲ. ‘ಅಕ್ಕಾರ, ನಂದೂ ಫೋಟೋ ಬಂದ್ರ ಖಾರಪುಡಿ ಕಟ್ಟಬ್ಯಾಡರಿ ಮತ್ತ’ ಅಂತ ಚ್ಯಾಷ್ಟಿ ಮಾಡ್ತಿದ್ರು. ಅವ್ವ ಸಣ್ಣಗ ನಕ್ಕು ಕೆಲಸ ನೋಡಕೋತಿದ್ಲು. ಆದ್ರ ಆ ನಗಿಯೊಳಗ ಆಕಿಗಿ ನೋವಿತ್ತು. ಕಾರಣ ಗೊತ್ತಿದ್ದಾಕಿ ನಾ ಒಬ್ಬಾಕಿ. ಆಕಿ ಬೆನ್ನಿಗಿ ಬಿದ್ದ ತಮ್ಮ ಸಣ್ಣ ವಯಸ್ಸಿನಾಗ ತೀರಿಕೊಂಡ. ಮನಿಯವರು ಪೇಪರಿನಾಗ ಅಂವನ ಫೋಟೋ ಕೊಟ್ಟಿದ್ರು. ಆಮ್ಯಾಲ ಯಾರೋ ಬಂದವರು ಜತ್ತದ ಬಸ್‌ಸ್ಟ್ಯಾಂಡಿನಿಂದ ಭಜಿ ಕಟ್ಟಿಸಿಕೊಂಡು ಬಂದ್ರು. ಅವ್ವ ಪುಡಿಕಿ ಬಿಚ್ಚಿ ನೋಡ್ತಾಳ, ಭಜಿ ಕೆಳಗ ತಮ್ಮನ ಮಾರಿ, ಎಣ್ಣಿ ಹತ್ತಿ ಕಣ್ಣು ಮೂಗು ಒಂದೂ ಕಾಣವಲ್ದು. ಅವತ್ತಿನಿಂದ ಹಿಡದದ್ದು ಈ ಕತ್ತರಿ.

ಇನ್ನ ನನ್ನ ಸುದ್ದಿ. ನಾ ಕಲ್ತದ್ದು ಕನ್ನಡ ಸಾಲ್ಯಾಗ. ಮನ್ಯಾಗ ಕನ್ನಡ, ಕಚೇರ್ಯಾಗ ಮರಾಠಿ, ಬಸ್ಸಿನಾಗ ಎರಡೂ ಕೂಡೇ. ಡಿ.ಎಡ್. ಮಾಡಿದೆ, ನೌಕರಿ ಸಿಗಲಿಲ್ಲ. ಒಂದು ಖಾಸಗಿ ಸಾಲ್ಯಾಗ ಕಲಸಾಕತ್ತೆ, ಆ ಸಾಲಿ ಮುಚ್ಚಿತು. ಫೋನಿನಾಗ ಒಬ್ಬಾಕಿ ‘ಮನೆಯಲ್ಲೇ ಕೂತು ಬರೆದು ಗಳಿಸಿ’ ಅಂತ ಹೇಳೂದು ನೋಡಿ, ಇದಾದ್ರೂ ನಡೀಲಿ ಅಂತ ಕೈ ಹಾಕಿದೆ. ಬರಿಯೂದು ನನಗ ಮೊದಲಿಂದ ಬರತಿತ್ತು. ಸಾಲ್ಯಾಗ ಎಲ್ಲಾರ ಭಾಷಣಾ ನಾನ ಬರದು ಕೊಡತಿದ್ದೆ.

ಅವ್ವಗ ಹೇಳಿದೆ, ‘ನಾ ಇನ್ನ ಬರ್ಯಾಕಿ ಆಗ್ತೀನಿ’ ಅಂತ. ಆಕಿ ಕತ್ತರಿ ಕೆಳಗ ಇಟ್ಲು. ನಾಚಕೋತ ಅಂದ್ಲು: ‘ಹಂಗಾದ್ರ ಮೊದಲ ನಂದೊಂದು ಬರಿ ನೋಡೂಣು. ಈ ಹಾಳಿ ಯಾಕ ಎತ್ತಿಡತೀನಿ ಅಂತ ಮಂದಿಗಿ ತಿಳಿಯೂವಂಗ ಬರಿ. ಎಲ್ಲಾರೂ ಹುಚ್ಚಿ ಅಂತಾರ. ನನ್ನ ಹೆಸರೂ ಹಾಕು ಅದರಾಗ.’

ಅವ್ವ ತನಗ ಅಂತ ಏನೂ ಕೇಳಿದಾಕಿ ಅಲ್ಲ. ಸೀರಿ ತಂದ್ರೂ ‘ಯಾಕ ತಂದಿ’ ಅನ್ನಾಕಿ. ಅಂಥಾಕಿ ಬಾಯಿಬಿಟ್ಟು ಇದೊಂದು ಕೇಳಿದ್ಲು. ನಾ ಏನಂದೆ? ‘ಮೊದಲ ಗಿರಾಕಿ ಬರ್ಲಿ ತಡಿ ಅವ್ವಾ, ಕೈ ಕುದರ್ಲಿ, ಆಮ್ಯಾಲ ಚಲೋತ್ನಂಗ ಬರೀತೀನಿ’ ಅಂದೆ. ಖರೇನೂ ಅದ ಮನಸಿನಾಗಿತ್ತು. ಆಕಿ ಸುದ್ದಿ ಕಚ್ಚಾಪಕ್ಕಾ ಬರೀಬಾರದು, ಕಲ್ತು ಬರೀಬೇಕು ಅಂತ ಎತ್ತಿಟ್ಟೆ. ಅವತ್ತನ ಬರದಬಿಡಬೇಕಿತ್ತು, ಕೆಟ್ಟದಾದ್ರೂ ಆಕಿದು ಅಂತ ಒಂದು ಇರತಿತ್ತು.

ಗಿರಾಕಿ ಎಲ್ಲಿ ಬರಬೇಕು? ಬರಿಯವರೂ ಬರಸವರೂ ಕೂಡೂ ಒಂದು ಜಾಲತಾಣದಾಗ ನನ್ನ ಹೆಸರು, ಊರು, ಬರೂ ಭಾಷೆ ಎಲ್ಲಾ ಹಾಕಿದೆ. ಅದೂ ಸಂತಿ ಇದ್ದಂಗ. ಎಲ್ಲಾರೂ ತಮ್ಮ ಮಾಲು ಹಾಸಿಕೊಂಡು ಕುಂತಿರತಾರ, ಕೊಳ್ಳವರು ಹಳೇ ಅಂಗಡಿಗೇ ಹೋಗತಾರ. ಬೆಂಗಳೂರಿನವರೊಬ್ಬರು ಕೇಳಿದ್ರು, ‘ನಿಮ್ಮ ಊರು ಮಹಾರಾಷ್ಟ್ರ ಅಂತಿದೆ, ಕನ್ನಡ ಬರೆಯೋಕೆ ಬರುತ್ತಾ?’ ಕನ್ನಡದಾಗ ಕೇಳಿದ್ರು, ಕನ್ನಡದಾಗ ಉತ್ತರಾ ಕೊಟ್ಟೆ, ಆದ್ರೂ ನಂಬಲಿಲ್ಲ. ಪುಣೆ ಕಡಿಯವರೊಬ್ಬರು ನನ್ನ ಮರಾಠಿ ಮೆಚ್ಚಿದ್ರು, ಕನ್ನಡ ಸಾಲ್ಯಾಗ ಕಲ್ತಾಕಿ ಅಂತ ಗೊತ್ತಾದ ಮ್ಯಾಲ ಸುಮ್ಮನಾದ್ರು. ಗಡಿ ಮ್ಯಾಲಿನವರಿಗಿ ಎರಡೂ ಮನಿ ಅಂತಾರ ಮಂದಿ. ಉಣ್ಣಾಕ ಕರಿಯೂ ಹೊತ್ತಿಗಿ ಎರಡೂ ಬಾಗಿಲಾ ಹಾಕಿರತಾವ.

ಮತ್ತೊಬ್ಬಾಂವ ‘ಮಾದರಿ ನೋಡ್ತೀನಿ’ ಅಂತ ಆಡು ಸಾಕೂದರ ಮ್ಯಾಲ ಒಂದು, ಕೂದಲ ಎಣ್ಣಿ ಮ್ಯಾಲ ಒಂದು, ವಾಸ್ತು ಮ್ಯಾಲ ಒಂದು ಬರಸಿಕೊಂಡ. ಆಮ್ಯಾಲ ಪತ್ತೇನ ಇಲ್ಲ. ನಾ ಬರದ ಆಡು ಅಂವನ ಪುಟದಾಗ ಮೇಯಾಕತ್ತಿದ್ದುವು. ಕೊಟ್ಟಾಂವ ಕೋಡಂಗಿ, ಇಸಗೊಂಡಾಂವ ಈರಭದ್ರ. ಸೋನ್ಯಾಳದಾಗ ನಮ್ಮ ಬಳಗದವರೊಬ್ಬರು ದಾಳಿಂಬ್ರಿ ಸಸಿ ಮಾರತಾರ, ಅವರಿಗಿ ಜಾಹೀರಾತು ಬರದು ಕೊಟ್ಟೆ. ಅವರು ಉಣ್ಣಾಕ ಹಾಕಿ, ಕುಬಸದ ಕಣ ಕೊಟ್ಟು ಕಳಿಸಿದ್ರು. ಮನಿ ಮಂದಿ ಗಿರಾಕಿ ಲೆಕ್ಕದಾಗ ಬರೂದಿಲ್ಲ.

ಅಪ್ಪ ದಿನಾ ಸಂಜಿಕ ಕೇಳತಿದ್ದ, ‘ಬೋಣಿ ಆತೇನ ನಿಂದು?’ ಚ್ಯಾಷ್ಟಿಗಿ ಅಲ್ಲ, ಖರೇ ಕಾಳಜೀಲೆ ಕೇಳತಿದ್ದ. ‘ಇಲ್ಲ’ ಅನ್ನೂದು ಬ್ಯಾಸರಾಗಿತ್ತು ನನಗ. ಒಂದಿನ ಅಪ್ಪನೇ ಹೇಳಿದ: ‘ನೋಡು, ಮೊದಲನೇ ಗಿರಾಕಿ ಏನ ಕೇಳಿದ್ರೂ ಇಲ್ಲ ಅನಬ್ಯಾಡ. ಅಂಗಡ್ಯಾಗ ಇರದಿದ್ರ ಮನ್ಯಾಗಿಂದ ತಂದು ಕೊಡು. ಒಮ್ಮೆ ಕೈ ಆಡಿತು ಅಂದ್ರ ಮುಂದ ತಾನ ನಡೀತೈತಿ.’

ಆ ಗಿರಾಕಿ ಬಂದ್ರು. ದಾವಣಗೆರಿಯವರು, ಟೈಲ್ಸಿನ ವ್ಯಾಪಾರ. ನಾ ಸಣ್ಣ ಸಣ್ಣ ವ್ಯಾಪಾರಸ್ತರಿಗಿ ನಾನಾಗಿ ಸುದ್ದಿ ಕಳಸಾಕತ್ತಿದ್ದೆ, ‘ನಿಮ್ಮ ಅಂಗಡಿ ಬಗ್ಗೆ ಬರೆದು ಕೊಡುತ್ತೇನೆ’ ಅಂತ. ಅದರಾಗ ಅವರಿಗಿ ಒಂದು ಹೋಗಿತ್ತು. ಫೋನ ಮಾಡಿದ್ರು. ‘ಅಂಗಡಿದು ಬೇಡ ಮೇಡಂ. ನಮ್ಮ ತಾಯಿ ತೀರಿಕೊಂಡು ವರ್ಷ ಆಗ್ತಾ ಬಂತು. ಅವರ ಬಗ್ಗೆ ಒಂದು ನೆನಪು ಬರೆದುಕೊಡಿ. ನನ್ನ ಹೆಸರಲ್ಲಿ ಹಾಕ್ಕೊತೀನಿ’ ಅಂದ್ರು.

ಆಗಲಿ ಅಂದೆ. ನಿಮ್ಮ ತಾಯಿ ಹೆಂಗಿದ್ರು ಅಂತ ಕೇಳಿದೆ.

‘ತುಂಬಾ ಒಳ್ಳೆಯವರು.’

ಸಿಟ್ಟು ಬಂದಾಗ ಏನಂತಿದ್ರು? ಒಬ್ಬರೇ ಇದ್ದಾಗ ಏನ ಮಾಡತಿದ್ರು? ಯಾವ ಕೆಲಸಾ ಬ್ಯಾರೆಯವರ ಕೈಯಾಗ ಕೊಡತಿದ್ದಿಲ್ಲ? ನಾ ಏನ ಕೇಳಿದ್ರೂ ಅವರದು ಅದ ‘ಒಳ್ಳೆಯವರು’. ಕಡೀಕ ಹೇಳಿದ್ರು: ‘ಮೇಡಂ, ನಾನು ಸಣ್ಣವನಿದ್ದಾಗಿಂದ ಹಾಸ್ಟೆಲ್ಲು. ಆಮೇಲೆ ವ್ಯಾಪಾರ. ರಜೆಗೆ ಬಂದಾಗ ಅಡಿಗೆ ಮಾಡಿ ಹಾಕೋಳು, ಅಷ್ಟೇ ಗೊತ್ತು. ಎಲ್ಲಾರೂ ತಾಯಿ ಬಗ್ಗೆ ಎಷ್ಟು ಬರೀತಾರೆ. ನನಗೆ ಒಂದು ಸಾಲೂ ಹೊಳೀತಿಲ್ಲ. ನೀವೇ ಏನಾದರೂ ಚೆನ್ನಾಗಿರೋದು ಹಾಕಿ. ಇಲ್ಲ ಅನ್ನಬೇಡಿ.’ ಅಳಾಕತ್ತಿದ್ರು ಅಂತ ಕಾಣತೈತಿ.

ಇಲ್ಲ ಅನ್ನೂದು ಬರಲೇ ಇಲ್ಲ ನನ್ನ ಬಾಯಾಗ. ನನ್ನ ಜಾಗಾದಾಗ ಬ್ಯಾರೆ ಮನಿತನದವರು ಇದ್ದಿದ್ರ ಅಂತಿದ್ರೇನೋ. ನಾ ಬೋಣಿ ಗಿರಾಕಿನ್ನ ತಿರುಗಿ ಕಳಸಿದ ಮನಿಯಾಕಿ ಅಲ್ಲ. ಅಂಗಡ್ಯಾಗ ಮಾಲು ಇಲ್ಲ, ಹಿಂದಿನ ಬಾಗಿಲಲೆ ಮನ್ಯಾಗ ಹೋದೆ, ಕೈಗಿ ಸಿಕ್ಕದ್ದು ಎತ್ತಿಕೊಂಡು ಬಂದೆ.

ಮೊದಲ ಎಲ್ಲಾರಿಗೂ ಹೊಂದೂವಂಥಾ ಒಂದು ನೆನಪು ಬರದೆ. ತ್ಯಾಗಮಯಿ, ಕರುಣಾಮಯಿ, ಅಂಥಾದ್ದು. ಓದಿದ್ರ ಯಾರ ಅವ್ವನೂ ಅಲ್ಲ. ಅದನ್ನ ಅಳಿಸಿದೆ. ಅಂಗಡಿ ಬಾಗಿಲದಾಗ ಅವ್ವ ಕತ್ತರಿ ಹಿಡಕೊಂಡು ಕುಂತದ್ದು ಕಾಣಾಕತ್ತಿತ್ತು. ಕಿರಾಣಿ ಅಂಗಡಿ ಬದಲು ಮಂಡಕ್ಕಿ ಮಾರೂ ಓಣ್ಯಾಗಿನ ಮನಿ ಅಂತ ಮಾಡಿದೆ, ಹಳ್ಳದ ಬದಲು ಕೆರಿ ಅಂತ ಮಾಡಿದೆ, ‘ಹೋಗಿ ಬರ್ರಿ’ ಅನ್ನೂದು ‘ಹೋಗಿ ಬನ್ನಿ’ ಆತು. ಉಳಿದದ್ದೆಲ್ಲಾ ಅವ್ವಂದ. ಹಾಳಿ ತಿರುವೂದು, ಹೆಸರು ಓದೂದು, ಮಂದಿ ನಕ್ಕಾಗ ಸಣ್ಣಗ ನಗೂದು. ಅವ್ವನ ತಮ್ಮನ ಸುದ್ದಿ ಮಾತ್ರ ಹಾಕಲಿಲ್ಲ. ಅದನ್ನ ಮುಟ್ಟಾಕ ಕೈ ಬರಲಿಲ್ಲ. ಯಾಕ ಎತ್ತಿಡತಿದ್ಲು ಅನ್ನೂದು ಬರೀಲಾರದ ಬಿಟ್ಟೆ. ಬರದು ಮುಗದಾಗ ಭಾಳ ಚಲೋ ಆಗಿತ್ತು, ಅದನ್ನೂ ಹೇಳಬೇಕು. ಈ ಜಲ್ಮದಾಗ ನಾ ಬರದದ್ದರೊಳಗ ಅದ ಚಲೋದು.

ಕಳಿಸಿದೆ. ಅವರು ಓದಿ ರೊಕ್ಕಾ ಕಳಿಸಿದ್ರು. ಆಮ್ಯಾಲ ಫೋನ ಮಾಡಿ ಅಂದ್ರು, ‘ಮೇಡಂ, ನಮ್ಮಮ್ಮ ಹೀಗೇ ಇದ್ದಳೇನೋ. ನಾನೇ ನೋಡಲಿಲ್ಲವೇನೋ ಅನ್ನಿಸ್ತು.’

ಅವತ್ತ ಸಂಜಿಕ ಅಪ್ಪಗ ಹೇಳಿದೆ, ಬೋಣಿ ಆತು ಅಂತ. ಅಪ್ಪ ಅಂಗಡಿ ಡಬ್ಬ್ಯಾಗಿನ ಬೆಲ್ಲಾ ಒಡದು ನನ್ನ ಬಾಯಾಗ ಹಾಕಿದ. ಅವ್ವ ‘ಏನ ಬರದಿ?’ ಅಂದ್ಲು. ‘ಟೈಲ್ಸಿನ ಅಂಗಡಿದು’ ಅಂದೆ.

ಅಪ್ಪ ಹೇಳಿದಂಗ ಕೈ ಆಡಿತು. ಅವರು ಮತ್ತೊಬ್ಬರಿಗಿ ಹೇಳಿದ್ರು, ಅವರು ಇನ್ನೊಬ್ಬರಿಗಿ. ‘ತಾಯಿ ನೆನಪು ಬರೆದುಕೊಡ್ತೀರಂತಲ್ಲ, ನಮಗೂ ಅಂಥದ್ದೇ ಬೇಕು’ ಅಂತ ಬರಾಕತ್ತಿದ್ರು. ಈಗ ನನ್ನ ನೇಮಾ ಬ್ಯಾರೆ ಆಗೈತಿ, ಮೊದಲ ಕೇಳಿ ನೋಡ್ತೀನಿ, ಅವರ ಹಂತ್ಯಾಕ ತಾಯಿದು ಏನರೆ ನೆನಪು ಇದ್ರನ ಬರೀತೀನಿ. ಊರು ಕೊಳ್ಳೆ ಹೊಡದ ಮ್ಯಾಲ ಕೋಟೆ ಬಾಗಿಲಾ ಹಾಕಿದ್ರಂತ, ಹಂಗ. ಅವ್ವಂದು ಬರಿಯೂದು ಮುಂದ ಮುಂದ ಹೋತು. ಬರಿಯಾಕ ಕುಂತ್ರ ಅವೇ ಸಾಲು ಬರತಿದ್ದುವು, ಆ ಸಾಲು ಆಗಲೇ ಮಾರಿಬಿಟ್ಟಿದ್ದೆ.

ಹೋದ ಬ್ಯಾಸಗ್ಯಾಗ ಒಂದಿನ ಮಧ್ಯಾಹ್ನ ಅಪ್ಪನ ಫೋನಿಗಿ ಕುಣಿಕೋಣೂರಿನಿಂದ ನಮ್ಮ ಚಿಗವ್ವ ಏನೋ ಕಳಿಸಿದ್ಲು. ಅಪ್ಪ ಚಷ್ಮಾ ಹಾಕ್ಕೊಂಡು, ಫೋನ ಕೈಯುದ್ದ ದೂರ ಹಿಡದು, ಅಂಗಡ್ಯಾಗ ಕುಂತು ಜೋರಾಗಿ ಓದಾಕತ್ತ. ಎರಡನೇ ಸಾಲಿಗೆ ನನಗ ಗೊತ್ತಾತು. ದಾವಣಗೆರಿಯವರ ನೆನಪು. ಎಷ್ಟು ಮಂದಿ ಕೈ ದಾಟಿ ಬಂದಿತ್ತೋ, ನಮ್ಮ ಮನಿಗೇ ಬಂದು ಮುಟ್ಟಿತ್ತು. ನಾ ಜೀರಿಗಿ ಕಟ್ಟೂದು ಬಿಟ್ಟು ನಿಂತೆ.

ಅವ್ವ ಕತ್ತರಿ ಹಿಡಕೊಂಡನ ಕೇಳಾಕತ್ತಿದ್ಲು. ಹೆಸರು ಓದಿ ‘ಹೋಗಿ ಬನ್ನಿ’ ಅನ್ನೂದು ಬಂತು. ಅಪ್ಪ ಓದೂದು ನಿಲ್ಲಿಸಿ ಅವ್ವನ ಮಾರಿ ನೋಡಿದ. ‘ಏ, ನಿನ್ನ ಜೋಡಿ ಸಿಕ್ಕಳಲ್ಲ’ ಅಂದ.

‘ಪೂರಾ ಓದ್ರಿ’ ಅಂದ್ಲು ಅವ್ವ.

ಪೂರಾ ಓದಿದ. ಎರಡನೇ ಸಲ ಓದಸಿದ್ಲು. ನಾ ಜಾಹೀರಾತು ಬರೀತೀನಿ ಅಂತ ತಿಳಕೊಂಡವರು ಅವರು. ಮಂದಿ ಅವ್ವಂದಿರನ್ನೂ ಬರದು ಕೊಡ್ತಾರ ಅಂತ ಅವರಿಗಿ ಹೆಂಗ ಗೊತ್ತಾಗಬೇಕು? ಮ್ಯಾಲ ಹಾರಾ ಹಾಕಿದ ಫೋಟೋ ಇತ್ತು, ಕೆಳಗ ಮಗನ ಹೆಸರಿತ್ತು. ಅದಕ್ಕಿಂತ ಖರೇ ಏನ ಬೇಕು. ಅವ್ವ ಫೋನ ಇಸಗೊಂಡು ಆ ಫೋಟೋ ನೋಡಿದ್ಲು. ಯಾರೋ ದಾವಣಗೆರಿ ಹೆಣ್ಮಗಳು, ರದ್ದಿ ಹಾಳಿ ಮುಟ್ಟಿದಾಕಿನೋ ಇಲ್ಲೋ ದೇವರಿಗಿ ಗೊತ್ತು. ಅವ್ವನ ಕಣ್ಣು ತುಂಬಿದ್ದುವು.

‘ನಾ ಒಬ್ಬಾಕಿನ ಹುಚ್ಚಿ ಅನ್ಕೊಂಡಿದ್ದೆ’ ಅಂದ್ಲು. ‘ನೋಡ್ರಿ, ಅಷ್ಟು ದೂರದಾಗ ಇನ್ನೊಬ್ಬಾಕಿ ಇದ್ಲು. ಇದ್ದಾಗ ಗೊತ್ತಾಗಬೇಕಿತ್ತು. ಹೋಗಿ ಮಾತಾಡಿಸಿ ಬರತಿದ್ದೆ.’

ಅಪ್ಪ ಮೊದಲ ಸಲ ಚ್ಯಾಷ್ಟಿ ಮಾಡಲಿಲ್ಲ. ‘ಹೌದ ಬಿಡು, ಚಲೋ ಕೆಲಸನ ಮಾಡ್ಯಾಳ’ ಅಂದ.

‘ಅವ್ವಾ, ಅದು’ ಅಂತ ನಾ ಬಾಯಿ ತಗದೆ. ಆಕಿ ಕೇಳಸಿಕೊಳ್ಳಲಿಲ್ಲ. ಆ ಫೋಟೋ ಕಡಿನ ನೋಡಕೋತ ಅಂದ್ಲು: ‘ಇಕಿದೂ ಯಾರೋ ಹೋಗಿರಬೇಕು. ತಮ್ಮೋ, ಅಣ್ಣೋ. ಸುಮ್ಮಸುಮ್ಮಕ ಯಾರೂ ಹಿಂಗ ಮಾಡೂದಿಲ್ಲ. ಅದನ್ನ ಮಗ ಬರದಿಲ್ಲ ನೋಡು. ಪಾಪ, ಅಂವಗ ಹೇಳೇ ಇಲ್ಲೇನೋ.’

ನಾ ಮತ್ತ ಜೀರಿಗಿ ಕಟ್ಟಾಕತ್ತೆ.

‘ನೀ ಬರ್ಯಾಕಿ ಅದಿ, ನಂದೊಂದು ಬರದು ಕಳಸು ಅವರಿಗಿ’ ಅಂದ್ಲು. ಚಿಗವ್ವ ಕಳಿಸಿದ್ದರ ಕೆಳಗ ಆ ಮಗನ ಪುಟಕ್ಕ ಹೋಗೂ ದಾರಿ ಇತ್ತು. ನೂರಾರು ಮಂದಿ ಕೈ ಮುಗದು ಏನೇನೋ ಬರದಿದ್ರು. ಅವ್ವ ಒಂದೊಂದ ಮಾತು ಹೇಳಿದ್ಲು, ನಾ ಫೋನಿನಾಗ ಒತ್ತಿದೆ. ‘ನಿಮ್ಮ ಅವ್ವಾರು ಮಾಡಿದ್ದು ನಾನೂ ಮಾಡತೀನ್ರಿ. ನನಗೂ ಎಲ್ಲಾರೂ ನಗತಿದ್ರು. ಇವತ್ತ ಸಮಾಧಾನ ಆತು. ಅವರ ಫೋಟೋ ಹಾಳ್ಯಾಗ ಬಂದಿದ್ರ ನಾ ಎತ್ತಿಡತಿದ್ದೆ. ನಮ್ಮ ಊರಾಗ ಯಾರೂ ಅವರ ಮ್ಯಾಲ ಖಾರಪುಡಿ ಕಟ್ಟೂದಿಲ್ಲರಿ.’

‘ಕೆಳಗ ನನ್ನ ಹೆಸರು ಹಾಕು’ ಅಂದ್ಲು. ‘ಡಫಳಾಪುರ ಅಂತನೂ ಹಾಕು.’

ಹಾಕಿದೆ. ಅವ್ವನ ಹೆಸರು ನಾ ಬರದದ್ದು ಅದೊಂದ ಸಲ. ಆಕಿ ಸುದ್ದಿ ಮ್ಯಾಲ ಆ ಮಗನ ಹೆಸರು, ಎಷ್ಟೋ ಕೆಳಗ, ಮಂದಿ ನಡುವ, ಆಕಿ ಹೆಸರು. ಅವರು ಲಗೂನ ಉತ್ತರಾ ಕೊಟ್ರು, ‘ಧನ್ಯವಾದ ಅಮ್ಮಾ’ ಅಂತ. ಅವ್ವ ಅದನ್ನೂ ಓದಸಿದ್ಲು. ಆಮ್ಯಾಲ ಫೋನಿನಾಗಿನ ಫೋಟೋಕ್ಕ ಕೈ ಮುಗದು, ಆ ಹೆಣ್ಮಗಳ ಹೆಸರು ಹಿಡದು, ‘ಹೋಗಿ ಬರ್ರಿ’ ಅಂದ್ಲು.

ಕತ್ತರಿ ತಗೊಂಡು ಮತ್ತ ರದ್ದಿಗಿ ಕುಂತಾಕಿ ಹಗೂರಕ ಹೇಳಿದ್ಲು, ‘ಇನ್ನ ನಂದು ಬರಿಬ್ಯಾಡ ಬಿಡು ನೀ. ಇದರಾಗ ಎಲ್ಲಾ ಬಂದೈತಿ. ಈಗ ಬರದ್ರ ಅವರದು ನೋಡಿ ಬರದಾಳ ಅಂತಾರ.’

ಈಗ ಗಿರಾಕಿಗೋಳು ಹುಚ್ಚಿ ರದ್ದಿ ಅಂದ್ರ ಅವ್ವ ಸಣ್ಣಗ ನಗೂದಿಲ್ಲ. ತಲಿ ಎತ್ತಿ ಹೇಳತಾಳ, ‘ದಾವಣಗೆರ್ಯಾಗ ಒಬ್ಬಾಕಿ ಇದ್ಲರಿ, ನನ್ನಂಗನ.’ ಹಿಂಗ ಹೇಳೂ ಮುಂದ ಆಕಿ ಮಾರಿ ನೋಡಬೇಕು. ನಾ ಅಲ್ಲೇ ಕುಂತಿರತೀನಿ, ಪುಡಿಕಿ ಕಟ್ಟಕೋತ.

ಕಡೀಕೂ ಇದನ್ನ ಬರದೆ, ತಮ್ಮನ ಸುದ್ದಿ ಸೈತ ಹಾಕಿ ಬರದೆ. ಅವ್ವನ ಹೆಸರು ಮಾತ್ರ ಹಾಕಿಲ್ಲ. ಹಾಕಿದ್ರ ಯಾರೋ ಗುರತ ಹಿಡದು ಕಳಿಸಿ ಇದೂ ಒಂದಿನ ಅಪ್ಪನ ಫೋನಿಗಿ ಬರತೈತಿ, ಅಪ್ಪ ಜೋರಾಗಿ ಓದತಾನ, ದಾವಣಗೆರ್ಯಾಗ ತನ್ನಂಥಾಕಿ ಯಾರೂ ಇದ್ದಿಲ್ಲ ಅಂತ ಅವ್ವಗ ಗೊತ್ತಾಗತೈತಿ.